ಅಂಚೆಚೀಟಿ ಕ್ಲಬ್ಬಿನ ಏಲಂ: ಒಂದು ವರ್ಷ ಕೆಟ್ಟದ್ದು, ಮರುವರ್ಷ ಸರಿಹೋದದ್ದು

ಕರಾವಳಿಯ ಒಂದು ಪಟ್ಟಣದಲ್ಲಿ ಅಂಚೆಚೀಟಿ ಮತ್ತು ನಾಣ್ಯ ಸಂಗ್ರಹಿಸುವವರ ಒಂದು ಕ್ಲಬ್ ಇದೆ. ಊರಿನ ಹೆಸರು, ಕ್ಲಬ್ಬಿನ ಹೆಸರು ಎರಡೂ ಇಲ್ಲಿ ಬೇಡ. ಎಪ್ಪತ್ತರ ಆಸುಪಾಸು ಸದಸ್ಯರು. ಅರ್ಧಕ್ಕರ್ಧ ನಿವೃತ್ತರು, ಬ್ಯಾಂಕಿನಲ್ಲಿದ್ದವರು, ಮೇಷ್ಟ್ರಾಗಿದ್ದವರು. ಉಳಿದವರಲ್ಲಿ ಒಂದಷ್ಟು ಕಾಲೇಜು ಮಕ್ಕಳೂ ಇದ್ದಾರೆ. ವರ್ಷದ ಚಂದಾ 300 ರೂಪಾಯಿ, ಅದು ತಿಂಗಳ ಸಭೆಯ ಚಹಾ ಮತ್ತು ಅಂಬಡೆಗೆ ಸರಿಹೋಗುತ್ತದೆ.

ಹಣ ಬೇಕಾದದ್ದು ಪ್ರದರ್ಶನಕ್ಕೆ. ಸ್ಟ್ಯಾಂಪ್ ಪ್ರದರ್ಶನ ಅಂದರೆ ಗೋಡೆಗೆ ಪಿನ್ ಚುಚ್ಚಿ ಹಾಳೆ ತೂಗುಹಾಕುವ ಕೆಲಸವಲ್ಲ. ಗಾಜಿನ ಮುಚ್ಚಳದ ಫ್ರೇಮುಗಳು ಬೇಕು, ಒಂದೊಂದರಲ್ಲಿ ಎ4 ಅಳತೆಯ 16 ಹಾಳೆ ಕೂರುತ್ತವೆ. ಅವನ್ನು ಬೇರೆ ಊರಿಂದ ಬಾಡಿಗೆಗೆ ತರಿಸಬೇಕು. ಲಾರಿ ಬಾಡಿಗೆ, ಹಾಲ್ ಬಾಡಿಗೆ, ರಾತ್ರಿ ಕಾವಲು, ತೀರ್ಪುಗಾರರ ಪ್ರಯಾಣ, ಶಾಲಾ ಮಕ್ಕಳಿಗೆ ಬಹುಮಾನ ಎಲ್ಲ ಸೇರಿ ಕ್ಲಬ್ ಹಾಕಿಕೊಂಡ ಲೆಕ್ಕ 85,000 ರೂಪಾಯಿ. ಊರಿನ ಅಂಗಡಿ, ಸಹಕಾರಿ ಸಂಘಗಳ ಹತ್ತಿರ ಪದೇಪದೇ ಕೈಚಾಚುವುದು ಬೇಡ, ನಮ್ಮ ಹತ್ತಿರ ಇರುವ ವಸ್ತುಗಳನ್ನೇ ಏಲಂ ಮಾಡೋಣ ಅಂತ ಎಲ್ಲರೂ ಒಪ್ಪಿದರು.

ಮೊದಲ ವರ್ಷ ಏನಾಯಿತು ಅಂತ ನೋಡಿ. "ಪ್ರತಿಯೊಬ್ಬರೂ ಏನಾದರೂ ಕೊಡಿ" ಅಂತ ಸಭೆಯಲ್ಲಿ ಹೇಳಿದರು, ಅಷ್ಟೇ. ಜನ ಧಾರಾಳವಾಗಿ ಕೊಟ್ಟರು. 212 ಲಾಟ್ ಆಯಿತು. ಲಾಟ್ ಅಂದರೆ ಒಂದು ಸಲಕ್ಕೆ ಏಲಂ ಹಾಕುವ ಒಂದು ವಸ್ತು ಅಥವಾ ವಸ್ತುಗಳ ಒಂದು ಕಟ್ಟು. ಪಟ್ಟಿಯಲ್ಲಿ ಒಂದೊಂದಕ್ಕೆ ಒಂದೊಂದು ಸಾಲು: "ಹಳೆ ಸ್ಟ್ಯಾಂಪು, ಅಪರೂಪ", "ಬ್ರಿಟಿಷರ ಕಾಲದ ನಾಣ್ಯ 12". ಆರಂಭದ ಬೆಲೆಯನ್ನು ಕೊಟ್ಟವರೇ ಹೇಳಿದರು. ತನ್ನ ಅಪ್ಪನ ಆಲ್ಬಮ್‌ನಿಂದ ತೆಗೆದುಕೊಟ್ಟ ಹಾಳೆಗೆ ಯಾರು ತಾನೇ ಕಡಿಮೆ ಬೆಲೆ ಹೇಳುತ್ತಾರೆ? ಮಾರುಕಟ್ಟೆಯಲ್ಲಿ 150ಕ್ಕೆ ಸಿಗುವ ವಸ್ತು 500ರಿಂದ ಶುರುವಾಯಿತು. ಕೂಗುವವರು ಮೂರು ಸಲ ಕೂಗಿ ಬದಿಗಿಟ್ಟರು. ಅಂಥವು ಸಾಲಾಗಿ ಹತ್ತು ಬಂದಾಗ ಕೂತವರ ಉತ್ಸಾಹ ಆರಿಹೋಯಿತು. ಊಟದ ನಂತರ ಅರ್ಧ ಕುರ್ಚಿ ಖಾಲಿ, ಒಳ್ಳೆಯ ಲಾಟುಗಳೆಲ್ಲ ಇದ್ದದ್ದು ಕೊನೆಯಲ್ಲಿ.

ಮಾರಾಟವಾದದ್ದು 97. ಕೂಗಿದ ಮೊತ್ತ 58,400. ಕೈಗೆ ಬಂದದ್ದು ಅಷ್ಟಲ್ಲ. ಯಾರು ಹಿಡಿದರು ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಹಾಕಿ ಬರೆದುಕೊಂಡಿದ್ದರು. ಒಂದು ಕಡೆ "ಭಟ್ರು" ಅಂತಿತ್ತು, ಹಾಲಿನಲ್ಲಿ ಭಟ್ರು ನಾಲ್ಕು ಜನ. ಇನ್ನು ಕೆಲವರು "ಮುಂದಿನ ಸಭೆಗೆ ಕೊಡ್ತೇನೆ" ಅಂದು ಹೋದರು. ಹೀಗೆ 9,150 ರೂಪಾಯಿ ಬರಲೇ ಇಲ್ಲ. ಬಂದ ಹಣದಲ್ಲೂ 3,200 ವಾಪಸ್ ಕೊಡಬೇಕಾಯಿತು, ಅದರ ಕಥೆ ಈಗ ಹೇಳುತ್ತೇನೆ. ಉಳಿದ 46,050ರಲ್ಲಿ ಹಾಲ್ ಮತ್ತು ಊಟಕ್ಕೆ 14,000 ಹೋಯಿತು. ಕೊನೆಗೆ 32,050.

ಆ 3,200ರ ಕಥೆ. ಒಂದು ತಾಮ್ರದ ಬಿಲ್ಲೆ, ಒಂದು ಬದಿ ಹನುಮಂತ, ಇನ್ನೊಂದು ಬದಿ "ಈಸ್ಟ್ ಇಂಡಿಯಾ ಕಂಪನಿ, 1818". ನಾಣ್ಯ ಸಂಗ್ರಹಿಸುವವರಿಗೆ ಈ ಜಾತಿಯ ಬಿಲ್ಲೆ ಚೆನ್ನಾಗಿ ಗೊತ್ತು. ರಾಮ ಸೀತೆ ಇರುವುದು, ಲಕ್ಷ್ಮಿ ಇರುವುದು, ಎಲ್ಲ ಥರದವೂ ಜಾತ್ರೆಯ ಅಂಗಡಿಗಳಲ್ಲಿ ಸಿಗುತ್ತವೆ. ಕಂಪನಿ ಇಂಥ ನಾಣ್ಯವನ್ನು ಟಂಕಿಸಿಯೇ ಇಲ್ಲ, ಇವು ಆಮೇಲೆ ಮಾರಾಟಕ್ಕೆಂದೇ ಮಾಡಿದವು. ಅಕ್ಕಿಯನ್ನು ಎಳೆಯುತ್ತದೆ, ಕೋಟಿ ಬೆಲೆ ಅಂತ ಹೇಳಿ "ರೈಸ್ ಪುಲ್ಲಿಂಗ್" ಹೆಸರಲ್ಲಿ ಜನರಿಗೆ ಟೋಪಿ ಹಾಕುವವರೂ ಇಂಥ ಬಿಲ್ಲೆಗಳನ್ನೇ ತೋರಿಸುತ್ತಾರೆ. ಕೊಟ್ಟವರು ಮೋಸ ಮಾಡಲಿಲ್ಲ, ಅವರ ಮನೆಯಲ್ಲಿ ದೇವರ ಕೋಣೆಯಲ್ಲಿ ಇದ್ದದ್ದು, ನಿಜವೆಂದೇ ನಂಬಿದ್ದರು. ಕೊಂಡ ಹುಡುಗ ಕ್ಲಬ್ಬಿಗೆ ಹೊಸಬ, ಮೊದಲ ಸಂಬಳದ ಹಣ. ಹಾಲಿನಲ್ಲಿ ಕಡಿಮೆಯೆಂದರೂ ಹತ್ತು ಮಂದಿಗೆ ಅದು ಏನು ಅಂತ ಗೊತ್ತಿತ್ತು. ಕೊಟ್ಟವರು ಎದುರಿಗೇ ಕೂತಿದ್ದಾರೆ, ಹೇಗೆ ಹೇಳುವುದು ಅಂತ ಎಲ್ಲರೂ ಸುಮ್ಮನಿದ್ದರು.

ಹಣ ವಾಪಸ್ ಕೊಟ್ಟರು, ಕ್ಷಮೆಯನ್ನೂ ಕೇಳಿದರು. ಆ ಹುಡುಗ ಮತ್ತೆ ಆರು ತಿಂಗಳು ಸಭೆಗೆ ಬರಲಿಲ್ಲ. ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ನಷ್ಟ ಇದೇ. ಇಪ್ಪತ್ತೈದರ ಒಳಗಿನವರು ಈ ಹವ್ಯಾಸಕ್ಕೆ ಬರುವುದೇ ಅಪರೂಪ, ಬಂದವರಿಗೆ ನಮ್ಮ ಹಾಲಿನಲ್ಲೇ ಹೀಗಾದರೆ ಹೇಗೆ?

ಮರುವರ್ಷದ ತಯಾರಿಗೆ ಕೂತಾಗ ಮೊದಲ ಎರಡು ಸಭೆ ಪೂರ್ತಿ ಒಂದೇ ವಿಷಯದ ಚರ್ಚೆ. ನಮ್ಮ ಕಡೆಯವರಿಗೆ ಏಲಂ ಹೊಸದಲ್ಲ. ಬಂದರಿನಲ್ಲಿ ಬೆಳಗಿನ ಜಾವ ಮೀನಿನ ಏಲಂ ನಡೆಯುತ್ತದೆ. ಅಲ್ಲಿ ಕೂಗುವವನಿಗೆ ಇವತ್ತಿನ ಬಂಗುಡೆಯ ದರ ಗೊತ್ತು, ಕೊಳ್ಳುವವನಿಗೂ ಗೊತ್ತು, ಯಾರೂ ದಾಕ್ಷಿಣ್ಯಕ್ಕೆ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ. ದೇವಸ್ಥಾನದಲ್ಲಿ, ಚರ್ಚಿನ ಹಬ್ಬದಲ್ಲಿ ನಡೆಯುವುದೂ ಏಲಂ. ಅಲ್ಲಿ ಒಂದು ಬಾಳೆಗೊನೆಗೆ ಸಾವಿರಾರು ರೂಪಾಯಿ ಆಗುತ್ತದೆ, ಹಿಡಿದವರು ಅದನ್ನೇ ವಾಪಸ್ ಕೊಟ್ಟು "ಮತ್ತೆ ಕೂಗಿ" ಅನ್ನುತ್ತಾರೆ. ಆ ಹಣ ಗೊನೆಗೆ ಕೊಟ್ಟದ್ದಲ್ಲ, ಭಕ್ತಿಗೆ ಕೊಟ್ಟದ್ದು.

ಕ್ಲಬ್ಬಿನ ಹಾಲಿನಲ್ಲಿ ಈ ಎರಡೂ ಒಟ್ಟಿಗೆ ಕಲಸಿಹೋಗಿದ್ದವು. ಸ್ಟ್ಯಾಂಪ್ ಕೊಳ್ಳಲು ಬಂದವನ ತಲೆಯಲ್ಲಿ ಮೀನಿನ ಏಲಂ, ಅವನಿಗೆ ಸರಿಯಾದ ದರಕ್ಕೆ ಸರಿಯಾದ ವಸ್ತು ಬೇಕು. ವೇದಿಕೆ ಮೇಲಿದ್ದವರ ತಲೆಯಲ್ಲಿ ದೇವಸ್ಥಾನದ ಏಲಂ, "ಕ್ಲಬ್ಬಿಗಾಗಿ ಸ್ವಲ್ಪ ಜಾಸ್ತಿ ಕೂಗಿ ಮಾರಾಯ್ರೆ" ಅಂತ ಪ್ರತಿ ಲಾಟಿಗೂ ಒತ್ತಾಯ. ಕೊಂಡವನು ಮನೆಗೆ ಹೋಗಿ ನೋಡಿದಾಗ ದುಬಾರಿಯಾಯಿತು ಅನ್ನಿಸುತ್ತದೆ. ದಾನ ಮಾಡಿದ ಸಂತೋಷವೂ ಇಲ್ಲ, ಒಳ್ಳೆಯ ವಸ್ತು ಸಿಕ್ಕ ಸಂತೋಷವೂ ಇಲ್ಲ. ಹಾಗಾಗಿ ಇವೆರಡನ್ನೂ ಬೇರೆ ಮಾಡಲೇಬೇಕು ಅಂತ ನಾನು ವಾದಿಸಿದೆ, ಈಗಲೂ ಅದನ್ನೇ ಹೇಳುತ್ತೇನೆ. ಸಂಗ್ರಹದ ವಸ್ತು ಸಂಗ್ರಹಕಾರನ ದರಕ್ಕೆ ಹೋಗಲಿ. ಪ್ರೀತಿಯಿಂದ ಕೊಡುವವರಿಗೆ ಬೇರೆಯೇ ನಾಲ್ಕಾರು ವಸ್ತು ಇರಲಿ. ಉಳಿದ ನಿಯಮಗಳೆಲ್ಲ ಇದರಿಂದಲೇ ಹುಟ್ಟಿದವು.

ಮೊದಲು ವಸ್ತು ಸ್ವೀಕಾರ. ಮೂವರ ತಂಡ ಮಾಡಿದರು. ಒಬ್ಬರು ಸ್ಟ್ಯಾಂಪ್ ಬಲ್ಲವರು, ಒಬ್ಬರು ನಾಣ್ಯ ಬಲ್ಲವರು, ಮೂರನೆಯವರು ಎರಡೂ ಅಷ್ಟಾಗಿ ಗೊತ್ತಿಲ್ಲದ ನಿವೃತ್ತ ಲೆಕ್ಕಪತ್ರದ ಮೇಡಂ. ಅವರಿದ್ದದ್ದೇ ಒಳ್ಳೆಯದಾಯಿತು, ಯಾಕೆಂದರೆ ಉಳಿದಿಬ್ಬರು ಬರೆದ ವಿವರಣೆ ಅವರಿಗೆ ಅರ್ಥವಾಗದಿದ್ದರೆ ಮತ್ತೆ ಬರೆಯಬೇಕಿತ್ತು. ಬೇಡ ಅನ್ನುವ ಹಕ್ಕು ತಂಡಕ್ಕಿತ್ತು. ಬೇಡ ಅಂದದ್ದನ್ನು ಕವರಿನಲ್ಲಿ ಹಾಕಿ ಕೊಟ್ಟವರಿಗೆ ಮಾತ್ರ ಹೇಳಿ ವಾಪಸ್ ಕೊಡುತ್ತಿದ್ದರು, ಸಭೆಯಲ್ಲಿ ಹೆಸರು ಎತ್ತುತ್ತಿರಲಿಲ್ಲ. ಹನುಮಂತನ ಬಿಲ್ಲೆಗಳು ಇನ್ನೂ ಎರಡು ಬಂದವು, ಸದ್ದಿಲ್ಲದೆ ಮನೆಗೆ ಹೋದವು. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಅಂತ ವಾಟ್ಸಾಪ್‌ನಲ್ಲಿ ಓದಿ ತಂದವರಿಗೂ ತಾಳ್ಮೆಯಿಂದ ವಿವರಿಸಿದರು. ತನ್ನ ಹೆಸರು ಹೇಳಿಕೊಂಡು ಹಳೆ ನಾಣ್ಯ, ನೋಟುಗಳ ವ್ಯವಹಾರದಲ್ಲಿ ಮೋಸ ಮಾಡುವವರಿದ್ದಾರೆ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ಆ ಪ್ರಕಟಣೆಯ ಪ್ರತಿಯನ್ನು ಸ್ವೀಕಾರದ ಮೇಜಿನ ಮೇಲೆ ಇಟ್ಟಿದ್ದರು.

ಇನ್ನೊಂದು ಸಂಕಟ ಹುಣಸೆಹಣ್ಣಿನದು. ಏಲಂಗೆ ಕೊಡುವಾಗ ಚೆಂದ ಕಾಣಲಿ ಅಂತ ಒಬ್ಬರು 1943ರಿಂದ 1947ರವರೆಗಿನ ತೂತಿನ ಕಾಸುಗಳ ಪೂರ್ತಿ ಸೆಟ್ಟನ್ನು ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜಿ ತಂದಿದ್ದರು. ಕಂಚಿನ ಮೇಲೆ ಎಪ್ಪತ್ತೆಂಬತ್ತು ವರ್ಷ ಕೂತ ಆ ಕಂದು ಬಣ್ಣವೇ ಸಂಗ್ರಹಕಾರನಿಗೆ ಬೇಕಾದದ್ದು. ಉಜ್ಜಿದ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗಿ, ಮೇಲ್ಮೈಯಲ್ಲಿ ಸಣ್ಣ ಸಣ್ಣ ಗೀರು ಬಂದಿರುತ್ತದೆ, ಅರ್ಧ ಬೆಲೆಯೂ ಬರುವುದಿಲ್ಲ. ಆ ಸೆಟ್ಟನ್ನು ತಿರಸ್ಕರಿಸಲಿಲ್ಲ. "ತೊಳೆದು ಉಜ್ಜಿದ ನಾಣ್ಯಗಳು" ಅಂತ ಸ್ಪಷ್ಟವಾಗಿ ಬರೆದು ಮಕ್ಕಳ ಮೇಜಿಗೆ ಹಾಕಿದರು. ಮರುದಿನವೇ ಎಲ್ಲರಿಗೂ ಮೆಸೇಜ್ ಹೋಯಿತು: ಏನನ್ನೂ ತೊಳೆಯಬೇಡಿ, ಒರೆಸಲೂ ಬೇಡಿ, ಇದ್ದ ಹಾಗೇ ತನ್ನಿ.

ಹಳೆಯ ನಾಣ್ಯಗಳ ವಿಷಯ ಇನ್ನೂ ಸೂಕ್ಷ್ಮ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಅದರ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಹಾಗಾಗಿ ನೂರು ವರ್ಷ ದಾಟಿದ ನಾಣ್ಯಗಳನ್ನು ಈ ಏಲಂನಲ್ಲಿ ಇಡುವುದೇ ಬೇಡ ಅಂತ ತೀರ್ಮಾನವಾಯಿತು. ಹಿರಿಯ ಸದಸ್ಯರಿಗೆ ಬೇಸರವಾಯಿತು, ಅಲ್ವಾ, ಮೈಸೂರಿನ ಆನೆ ಕಾಸು, ಟಿಪ್ಪುವಿನ ಪೈಸೆ ಇವೇ ಅವರ ಜೀವ. ಅವನ್ನು ಏಲಂ ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಲು ಮಾತ್ರ ಇಟ್ಟರು. ನನಗೆ ಈ ನಿರ್ಧಾರ ಸರಿಯೆನ್ನಿಸಿತು. ಹವ್ಯಾಸದ ಕ್ಲಬ್ಬು ಮೂವತ್ತು ಸಾವಿರ ರೂಪಾಯಿಗಾಗಿ ಕಾನೂನಿನ ಅಂಚಿನಲ್ಲಿ ನಡೆಯುವ ಅಗತ್ಯವಿಲ್ಲ.

ಬೆಲೆ ನಿಗದಿಗೆ ಸರಳ ದಾರಿ ಹಿಡಿದರು. ತಂಡದ ಇಬ್ಬರು ಮತ್ತು ಹೊರಗಿನ ಒಬ್ಬ ಸದಸ್ಯರು, ಒಬ್ಬರನ್ನೊಬ್ಬರು ಕೇಳದೆ, ತಮ್ಮ ತಮ್ಮ ಅಂದಾಜು ಬರೆದರು. ಮೂರರಲ್ಲಿ ನಡುವಿನದನ್ನು ತೆಗೆದುಕೊಂಡು ಅದರ ಅರ್ಧಕ್ಕೆ ಆರಂಭದ ಬೆಲೆ. ಕೊಟ್ಟವರಿಗೆ ಇದರಲ್ಲಿ ಮಾತಿಲ್ಲ. ಅಷ್ಟು ಕಡಿಮೆಗೆ ಹೋಗಿಬಿಟ್ಟರೆ ಅಂತ ಭಯಪಟ್ಟವರು ಬಹಳ. ಆದರೆ ಹಾಲಿನಲ್ಲಿ ಐವತ್ತು ಸಂಗ್ರಹಕಾರರಿದ್ದಾಗ ಒಳ್ಳೆಯ ವಸ್ತು ಅರ್ಧಬೆಲೆಗೆ ಹೋಗುವುದು ಕಡಿಮೆ. ಕಡಿಮೆಯಿಂದ ಶುರುವಾದರೆ ನಾಲ್ಕು ಕೈ ಏಳುತ್ತವೆ, ನಾಲ್ಕು ಕೈ ಎದ್ದರೆ ಐದನೆಯವರಿಗೆ ಧೈರ್ಯ ಬರುತ್ತದೆ. ಎಷ್ಟೆಷ್ಟು ಏರಿಸಬೇಕು ಅನ್ನುವುದನ್ನೂ ಮೊದಲೇ ಅಚ್ಚು ಹಾಕಿಸಿದ್ದರು: 500ರವರೆಗೆ 20, ಸಾವಿರದವರೆಗೆ 50, ಅಲ್ಲಿಂದ ಮೇಲೆ 100.

ಬೇರೆಯವರ ವಸ್ತುವನ್ನು ಏಲಂಗೆ ತೆಗೆದುಕೊಳ್ಳಬೇಕೇ ಅನ್ನುವುದಕ್ಕೆ ಜಗಳವೇ ಆಯಿತು. ದಾನವಾಗಿ ಕೊಡಲಾಗದ, ಆದರೆ ಮಾರಲು ಸಿದ್ಧವಿರುವ ಒಳ್ಳೆಯ ವಸ್ತು ಹಲವರಲ್ಲಿರುತ್ತದೆ. ಕೊನೆಗೆ ಕ್ಲಬ್ಬಿಗೆ ನೂರಕ್ಕೆ 15, ಉಳಿದದ್ದು ಕೊಟ್ಟವರಿಗೆ ಅಂತ ಒಪ್ಪಂದವಾಯಿತು. ಪಟ್ಟಿಯಲ್ಲಿ ಅಂಥ ಲಾಟಿನ ಮುಂದೆ ಒಂದು ನಕ್ಷತ್ರದ ಗುರುತು, ಹಣ ಯಾರಿಗೆ ಹೋಗುತ್ತದೆ ಅಂತ ಕೊಳ್ಳುವವರಿಗೆ ಗೊತ್ತಿರಬೇಕಲ್ಲ. ಇವು ಬಂದದ್ದರಿಂದ ಪಟ್ಟಿಗೆ ತೂಕ ಬಂತು, ಪಕ್ಕದ ಊರುಗಳಿಂದಲೂ ಜನ ಬಂದರು.

ಬರಲಾಗದವರಿಗೆ ಲಕೋಟೆ. ಇದು ನನಗೆ ಬಹಳ ಇಷ್ಟವಾದ ಭಾಗ. ಮುಂಬೈಯಲ್ಲೋ ದುಬೈಯಲ್ಲೋ ಇರುವ ಸದಸ್ಯರು ತಮಗೆ ಬೇಕಾದ ಲಾಟಿಗೆ ತಾವು ಕೊಡಬಲ್ಲ ಅತಿ ಹೆಚ್ಚಿನ ಬೆಲೆ ಬರೆದು ಮುಚ್ಚಿದ ಲಕೋಟೆ ಕಳಿಸುತ್ತಾರೆ. ಹಾಗಂತ ಅಷ್ಟನ್ನೇ ಅವರಿಂದ ಕೀಳುವುದಿಲ್ಲ, ಎರಡನೆಯವರ ಬೆಲೆಗಿಂತ ಒಂದು ಹೆಜ್ಜೆ ಮೇಲೆ ಎಷ್ಟೋ ಅಷ್ಟು ಮಾತ್ರ. ಸ್ಟ್ಯಾಂಪಿನವರಿಗೆ ಇದು ಹಳೆಯ ಪದ್ಧತಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1893ರಲ್ಲೇ ಟಪಾಲಿನ ಮೂಲಕ ಹೀಗೆ ಸ್ಟ್ಯಾಂಪ್ ಏಲಂ ನಡೆದಿತ್ತು. ಎರಡನೇ ಬೆಲೆಯ ಈ ವಿಧಾನವನ್ನು ಅರ್ಥಶಾಸ್ತ್ರದಲ್ಲಿ ವಿವರಿಸಿದ ವಿಲಿಯಂ ವಿಕ್ರೀಯ ಲೇಖನ ಬಂದದ್ದು 1961ರಲ್ಲಿ, ಅವರಿಗೆ ನೊಬೆಲ್ ಬಂದದ್ದು 1996ರಲ್ಲಿ. ಇದರ ಗುಣ ಏನೆಂದರೆ, ಬರೆಯುವವರು ಲೆಕ್ಕಾಚಾರ ಹಾಕಿ ಕಡಿಮೆ ಬರೆಯುವ ಅಗತ್ಯವಿಲ್ಲ, ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನೇ ಬರೆಯಬಹುದು.

ಒಂದು ಲಾಟ್ ಹೇಗೆ ನಡೆಯಿತು ಅಂತ ಹೇಳಿದರೆ ಗೊತ್ತಾಗುತ್ತದೆ. 1948ರ ಆಗಸ್ಟ್ 15ರಂದು ಬಂದ ಗಾಂಧೀಜಿಯವರ ಸ್ಟ್ಯಾಂಪುಗಳಲ್ಲಿ ಹತ್ತು ರೂಪಾಯಿಯದು ಬಿಟ್ಟು ಉಳಿದ ಮೂರು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ. ಬಳಸದೆ ಇದ್ದದ್ದು. ಪಟ್ಟಿಯಲ್ಲಿ ಬರೆದದ್ದು ಹೀಗೆ: "12 ಆಣೆಯದರ ಹಿಂಬದಿಯ ಅಂಟಿನಲ್ಲಿ ಎರಡು ಕಂದು ಚುಕ್ಕೆ, ಮುಂದಿನಿಂದ ಕಾಣುವುದಿಲ್ಲ. ಅಂಚಿನ ಹಲ್ಲುಗಳು ಪೂರ್ತಿ ಇವೆ. ಮೂರೂವರೆ ಆಣೆಯದಕ್ಕೆ ಹಿಂಜ್ ಅಂಟಿಸಿದ ಗುರುತಿದೆ." ಹಿಂಜ್ ಅಂದರೆ ಸ್ಟ್ಯಾಂಪನ್ನು ಆಲ್ಬಮ್ಮಿಗೆ ಅಂಟಿಸುವ ಸಣ್ಣ ಕಾಗದದ ಪಟ್ಟಿ. ಜೊತೆಗೆ ಹಿಂದುಮುಂದಿನ ಫೋಟೋ. ಎರಡು ಲಕೋಟೆ ಬಂದಿದ್ದವು, ಒಂದರಲ್ಲಿ 2,600, ಇನ್ನೊಂದರಲ್ಲಿ 1,800. ಹಾಗಾಗಿ ಕೂಗು 1,900ದಿಂದ ಮೊದಲನೆಯವರ ಪರವಾಗಿ ಶುರು. ಹಾಲಿನಲ್ಲಿದ್ದ ಒಬ್ಬ ಟೀಚರ್ 2,000 ಅಂದರು. ಲಕೋಟೆಯ ಮೇಜಿನಿಂದ 2,100. ಟೀಚರ್ 2,200. ಮೇಜಿನಿಂದ 2,300. ಟೀಚರ್ ತಲೆಯಾಡಿಸಿ ಬಿಟ್ಟರು. ಒಂದು ಸರ್ತಿ, ಎರಡು ಸರ್ತಿ, ಮೂರು ಸರ್ತಿ. 2,300ಕ್ಕೆ ದುಬೈಗೆ ಹೋಯಿತು. ಅವರು ಬರೆದದ್ದಕ್ಕಿಂತ 300 ಕಡಿಮೆ. ಕ್ಲಬ್ಬು ಆ 300ನ್ನೂ ಎಳೆದುಕೊಳ್ಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಎಳೆದುಕೊಳ್ಳದೆ ಇದ್ದುದಕ್ಕೇ ಆ ಸದಸ್ಯರು ಮುಂದಿನ ಸಲಕ್ಕೆ ಈಗಲೇ ಲಾಟುಗಳನ್ನು ಕೇಳುತ್ತಿದ್ದಾರೆ.

ಲಕೋಟೆಯಲ್ಲಿ ಎಷ್ಟಿದೆ ಅಂತ ಗೊತ್ತಿದ್ದದ್ದು ಆ ಮೇಜಿನಲ್ಲಿ ಕೂತ ಒಬ್ಬರಿಗೆ ಮಾತ್ರ. ಅವರು ತಮಗಾಗಿ ಕೂಗುವಂತಿರಲಿಲ್ಲ. ಏಲಂ ಕೂಗುವವರೂ ಅಷ್ಟೇ. ತನ್ನದೇ ಲಾಟಿಗೆ ತಾನೇ ಕೂಗಿ ಬೆಲೆ ಏರಿಸುವುದು, ಸ್ನೇಹಿತನಿಂದ ಏರಿಸಿಸುವುದು ಕಂಡರೆ ಲಾಟ್ ರದ್ದು ಅಂತ ಪಟ್ಟಿಯ ಮೊದಲ ಪುಟದಲ್ಲೇ ಇತ್ತು. ವಿವರಣೆ ಬರೆದ ಮೂವರು ಕೊಳ್ಳಬಹುದೇ? ಅವರು ವಸ್ತುವನ್ನು ವಾರಗಟ್ಟಲೆ ಕೈಯಲ್ಲಿ ಹಿಡಿದು ನೋಡಿದವರು, ಒಳ್ಳೆಯದನ್ನು ಸಾಧಾರಣ ಅಂತ ಬರೆದು ತಾವೇ ಕಡಿಮೆಗೆ ಹೊಡೆಯಬಹುದು ಅಂತ ಯಾರಾದರೂ ಅನುಮಾನಪಟ್ಟರೆ ಉತ್ತರವಿಲ್ಲ. ಈ ವರ್ಷಕ್ಕೆ ಅವರು ಕೊಳ್ಳುವುದು ಬೇಡ ಅಂತಾಯಿತು, ಮೂವರೂ ಒಪ್ಪಿದರು. ಅಷ್ಟು ಕೆಲಸ ಮಾಡಿದವರಿಗೆ ಇದು ಕಷ್ಟದ ನಿಯಮ, ಒಪ್ಪುತ್ತೇನೆ.

ಏಲಂ ದಿನ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಬರೀ ನೋಡುವುದಕ್ಕೆ. ಭೂತಗನ್ನಡಿ, ಚಿಮಟ, ಒಳ್ಳೆಯ ಬೆಳಕು, ಪ್ರತಿ ಮೇಜಿಗೆ ಒಬ್ಬ ಸ್ವಯಂಸೇವಕ. ಈ ಎರಡು ಗಂಟೆ ವ್ಯರ್ಥ ಅಂದವರಿದ್ದರು. ನನ್ನ ಪ್ರಕಾರ ದಿನದ ಹಣ ಹುಟ್ಟಿದ್ದೇ ಅಲ್ಲಿ. ನೋಡಿ, ಮುಟ್ಟಿ, ಪಟ್ಟಿಯಲ್ಲಿ ಪೆನ್ಸಿಲಿನಿಂದ ತನ್ನ ಬೆಲೆ ಬರೆದುಕೊಂಡವನು ಕೂಗುವಾಗ ಹಿಂಜರಿಯುವುದಿಲ್ಲ.

ಹೆಸರಿನ ಗೊಂದಲ ಬೇಡ ಅಂತ ಬಾಗಿಲಲ್ಲೇ ಫೋನ್ ನಂಬರ್ ಬರೆಸಿಕೊಂಡು ಎಲ್ಲರಿಗೂ ನಂಬರ್ ಕಾರ್ಡ್ ಕೊಟ್ಟರು. ಕಾರ್ಡ್ ಎತ್ತಿದರೆ ಮಾತ್ರ ಲೆಕ್ಕ. ಇಬ್ಬರು ಬೇರೆ ಬೇರೆಯಾಗಿ ಬರೆದುಕೊಳ್ಳುತ್ತಿದ್ದರು, ಇಪ್ಪತ್ತು ಲಾಟಿಗೊಮ್ಮೆ ತಾಳೆ ನೋಡುತ್ತಿದ್ದರು. ಹಣ ಕೊಟ್ಟ ಮೇಲೆಯೇ ವಸ್ತು ಕೈಗೆ. ಯುಪಿಐ ಇರುವಾಗ "ಪರ್ಸ್ ಮನೆಯಲ್ಲಿದೆ" ಅನ್ನುವ ಮಾತಿಗೆ ಜಾಗವಿಲ್ಲ. ವಿವರಣೆಯಲ್ಲಿ ಹೇಳದ ದೋಷ ಕಂಡರೆ, ನಕಲಿ ಅಂತ ಗೊತ್ತಾದರೆ, ಮೂವತ್ತು ದಿನದೊಳಗೆ ವಾಪಸ್.

ಲಾಟುಗಳು 128 ಮಾತ್ರ. ಮೊದಲ ಹತ್ತು ಅಗ್ಗದ, ಎಲ್ಲರಿಗೂ ಬೇಕಾದ ವಸ್ತುಗಳು, ಕೈ ಎತ್ತುವ ಅಭ್ಯಾಸವಾಗಲಿ ಅಂತ. ಒಳ್ಳೆಯವನ್ನು ನಾಲ್ಕನೇ ಹತ್ತರಿಂದ ಎಂಟನೇ ಹತ್ತಿನವರೆಗೆ ಹರಡಿದ್ದರು. ಕೊನೆಯಲ್ಲಿ ಪೆಟ್ಟಿಗೆಗಟ್ಟಲೆ ಬಿಡಿ ಸ್ಟ್ಯಾಂಪು, ಅದಕ್ಕೆ ಬೇರೆಯೇ ಗಿರಾಕಿಗಳಿರುತ್ತಾರೆ, ಅವರು ಕಾಯುತ್ತಾರೆ. ಮಕ್ಕಳ ಮೇಜಿನಲ್ಲಿ ಏಲಂ ಇಲ್ಲ, ಎಲ್ಲಕ್ಕೂ 10, 20, 50 ಅಂತ ಚೀಟಿ, ಅದರ ಹಣ ಮಕ್ಕಳ ಬಹುಮಾನಕ್ಕೆ ಮೀಸಲು, ಕೆಳಗಿನ ಲೆಕ್ಕದಲ್ಲಿ ಸೇರಿಲ್ಲ.

ಪ್ರೀತಿಯ ಏಲಂ ನಡೆದದ್ದು ನಡುವಿನ ವಿರಾಮದಲ್ಲಿ. ಆರೇ ವಸ್ತು. ಒಬ್ಬರ ತೋಟದ ಬಾಳೆಗೊನೆ, ಒಂದು ಅಟ್ಟೆ ಮಲ್ಲಿಗೆ, ಒಂದು ಬುಟ್ಟಿ ಮಟ್ಟುಗುಳ್ಳ ಬದನೆ, ಮನೆಯಲ್ಲೇ ಮಾಡಿದ ಕೇಕು, ಜೇನು, ಮತ್ತೆ ಕ್ಲಬ್ಬಿನ ಹಿರಿಯರೊಬ್ಬರು ಕೈಯಾರೆ ಚಿತ್ರ ಬಿಡಿಸಿದ ಕವರ್. ಇಲ್ಲಿ ಮಾತ್ರ "ಕ್ಲಬ್ಬಿಗಾಗಿ ಕೂಗಿ" ಅನ್ನಬಹುದಿತ್ತು. ಗೊನೆಯನ್ನು ಹಿಡಿದವರು ವಾಪಸ್ ಕೊಟ್ಟು ಮತ್ತೆ ಕೂಗಿಸಿದರು, ಎರಡನೆಯವರೂ ಹಾಗೇ ಮಾಡಿದರು. ಮನೆಯವರ ಜೊತೆ ಬಂದು ಇಷ್ಟು ಹೊತ್ತು ಬೇಜಾರಾಗಿ ಕೂತಿದ್ದ ಹೆಂಗಸರು, ಮಕ್ಕಳು ಎಲ್ಲ ಈಗ ಸೇರಿಕೊಂಡರು. ಒಬ್ಬರು ತೆರಿಗೆ ವಿನಾಯಿತಿಯ ರಸೀದಿ ಕೇಳಿದರು. ಕ್ಲಬ್ಬಿಗೆ ಆ ನೋಂದಣಿ ಇಲ್ಲ, ಸಾದಾ ರಸೀದಿ ಮಾತ್ರ ಅಂತ ಖಜಾಂಚಿ ಅಲ್ಲೇ ಹೇಳಿದರು.

ಲೆಕ್ಕ ಹೀಗಿದೆ. 128ರಲ್ಲಿ 117 ಮಾರಾಟವಾಯಿತು. ದಾನವಾಗಿ ಬಂದ ಲಾಟುಗಳಿಂದ 52,700. ನಕ್ಷತ್ರದ ಗುರುತಿನವು 64,000ಕ್ಕೆ ಹೋದವು, ಅದರಲ್ಲಿ ಕ್ಲಬ್ಬಿನ ಪಾಲು 9,600. ಪ್ರೀತಿಯ ಏಲಂನಿಂದ 23,850. ಒಟ್ಟು 86,150. ಹೋಟೆಲ್ ಹಾಲ್ ಬದಲು ಶಾಲೆಯ ಸಭಾಂಗಣ, ಊಟದ ಬದಲು ಚಹಾ ತಿಂಡಿ ಮಾಡಿದ್ದರಿಂದ ಖರ್ಚು 9,500. ಉಳಿದದ್ದು 76,650. ಗುರಿಗೆ ಇನ್ನೂ 8,350 ಕಡಿಮೆ, ಅದನ್ನು ತೀರ್ಪುಗಾರರಿಗೆ ಹೋಟೆಲ್ ಬದಲು ಸದಸ್ಯರ ಮನೆಯಲ್ಲೇ ಉಳಿಯುವ ವ್ಯವಸ್ಥೆ ಮಾಡಿ, ಫ್ರೇಮ್ ಸಂಖ್ಯೆ ಕಡಿಮೆ ಮಾಡಿ ಹೊಂದಿಸಿದರು. ವಾಪಸ್ ಬಂದ ಲಾಟ್ ಒಂದೇ, ಪಟ್ಟಿಯಲ್ಲಿ ಬರೆಯದೆ ಬಿಟ್ಟ ಒಂದು ಮಡಿಕೆಯ ಗುರುತಿಗಾಗಿ. ಮರುಮಾತಿಲ್ಲದೆ ಹಣ ಕೊಟ್ಟರು.

ಕಳೆದ ವರ್ಷ ಬಿಲ್ಲೆ ಕೊಂಡ ಹುಡುಗ ಈ ಸಲ ಬಂದಿದ್ದ, ತಂಡದವರೇ ಫೋನ್ ಮಾಡಿ ಕರೆದಿದ್ದರು. ನೋಡುವ ಹೊತ್ತಿನಲ್ಲಿ ನಾಣ್ಯದ ಮೇಜಿನ ಮೇಷ್ಟ್ರ ಪಕ್ಕ ಕೂತು ಎರಡು ಗಂಟೆ ಪ್ರಶ್ನೆ ಕೇಳಿದ. ಕೊಂಡದ್ದು ಹುಲಿಯ ಚಿತ್ರವಿರುವ 1947ರ ರೂಪಾಯಿ ನಾಣ್ಯ ಒಂದೇ.

ಇನ್ನೂ ತೀರದ ವಿಷಯಗಳಿವೆ. ವಿವರಣೆ ಬರೆಯುವವರು ಕೊಳ್ಳಬಾರದು ಅನ್ನುವ ನಿಯಮ ಇದ್ದರೆ ಮುಂದಿನ ವರ್ಷ ಆ ಕೆಲಸಕ್ಕೆ ಯಾರೂ ಬರುವುದಿಲ್ಲ ಅನ್ನುವ ಮಾತಿದೆ. ಅವರು ಲಕೋಟೆಯಲ್ಲಿ ಮಾತ್ರ, ಪಟ್ಟಿ ಅಚ್ಚಾಗುವ ಮೊದಲೇ, ಬೆಲೆ ಬರೆದು ಕೊಡಲಿ ಅಂತ ಒಂದು ಸಲಹೆ ಬಂದಿದೆ. ನನಗೆ ಅದು ಒಪ್ಪಿಗೆ. ಪಾಲನ್ನು 15ರಿಂದ 20ಕ್ಕೆ ಏರಿಸುವ ಮಾತಿಗೆ ನಾನು ವಿರುದ್ಧ, ಒಳ್ಳೆಯ ವಸ್ತು ತರುವವರು ಆಗ ಹೊರಗಿನ ವ್ಯಾಪಾರಿಗಳ ಹತ್ತಿರ ಹೋಗುತ್ತಾರೆ. ಒಂದು ಮಾತ್ರ ಈಗಲೇ ನಿರ್ಧಾರವಾಗಿದೆ: ವಸ್ತು ಸ್ವೀಕಾರ ಮಳೆಗಾಲದಲ್ಲಿ ಬೇಡ. ನಮ್ಮ ಕಡೆಯ ಜುಲೈ ತೇವಕ್ಕೆ ಸ್ಟ್ಯಾಂಪಿನ ಅಂಟು ಹಾಳೆಗೆ ಹಿಡಿದುಕೊಳ್ಳುತ್ತದೆ, ಕಂದು ಚುಕ್ಕೆ ಬರುತ್ತದೆ, ಕ್ಲಬ್ಬಿನ ಕಪಾಟಿನಲ್ಲಿ ಹಾಳಾದರೆ ಕೊಟ್ಟವರಿಗೆ ಮುಖ ತೋರಿಸುವುದು ಹೇಗೆ? ಹಾಗಾಗಿ ಅಕ್ಟೋಬರ್ ಮೊದಲ ಭಾನುವಾರದಿಂದ ತನ್ನಿ ಅಂತ ಎಲ್ಲರಿಗೂ ತಿಳಿಸಿದ್ದಾರೆ, ತೊಳೆಯದೆ, ಉಜ್ಜದೆ.